ಕರ್ಣನಂಥ ಗೆಳೆಯ ನನಗೆ ಬೇಡಪ್ಪಾ!

ಸ್ನೇಹ ಅಂದ ಕೂಡಲೇ ನಮ್ಮವರ ಬಾಯಲ್ಲಿ ಬರೋದು ಒಂದೇ ಹೆಸರು, ಕರ್ಣ. ಫ್ರೆಂಡ್‌ಶಿಪ್ ಡೇ ಬಂದ್ರೆ ಸಾಕು, "ಸರಿಯೋ ತಪ್ಪೋ, ಕೊನೇತನಕ ಜೊತೆಗಿರೋನೇ ಗೆಳೆಯ" ಅನ್ನೋ ಮೆಸೇಜುಗಳ ಸುರಿಮಳೆ. ಸುಮಾರು 941ರಲ್ಲಿ ಪಂಪ 'ವಿಕ್ರಮಾರ್ಜುನ ವಿಜಯ' ಬರೆದಾಗಿನಿಂದಲೂ ಕನ್ನಡಿಗರಿಗೆ ಕರ್ಣನ ಮೇಲೆ ಮಮಕಾರ ಜಾಸ್ತಿ. ನನಗೂ ಇದೆ. ಆದ್ರೆ ಅವನು ಸ್ನೇಹಕ್ಕೆ ಮಾದರಿ ಅಂದ್ರೆ ಮಾತ್ರ ನನ್ನ ತಕರಾರಿದೆ. ಬೈಯೋರು ಬೈಯಿರಿ :)

ವ್ಯಾಸಭಾರತದ ಸಭಾಪರ್ವ ನೋಡಿ. ತುಂಬಿದ ಸಭೆಯಲ್ಲಿ ದ್ರೌಪದಿ ಪರ ದನಿ ಎತ್ತಿದ್ದು ದುರ್ಯೋಧನನ ಸ್ವಂತ ತಮ್ಮ ವಿಕರ್ಣ. ಅವನನ್ನ ಗದರಿಸಿ ಬಾಯಿ ಮುಚ್ಚಿಸಿದ್ದು ಯಾರು? ಇದೇ ಕರ್ಣ! ಅವತ್ತು ಇಬ್ಬರಲ್ಲಿ ದುರ್ಯೋಧನನ ಒಳ್ಳೇದು ಬಯಸಿದ್ದು ಯಾರು, ನೀವೇ ಹೇಳಿ.

ಇದಕ್ಕಿಂತ ಬೇಜಾರಾಗೋದು ಉದ್ಯೋಗಪರ್ವ ಓದುವಾಗ. ಕೃಷ್ಣ ಆಸೆ ತೋರಿಸಿದ ರಾಜ್ಯವನ್ನ ಕರ್ಣ ಬೇಡ ಅಂದಿದ್ದನ್ನ ಎಲ್ರೂ ಕೊಂಡಾಡ್ತೀವಿ. ಅದೇ ಮಾತುಕತೆಯಲ್ಲಿ ಅವನು ಇನ್ನೊಂದಿಷ್ಟು ಹೇಳ್ತಾನೆ. ದುರ್ಯೋಧನನ್ನ ಮೆಚ್ಚಿಸೋಕೆ ಪಾಂಡವರಿಗೆ ಕೆಟ್ಟ ಮಾತಾಡಿದೆ, ಅದಕ್ಕೀಗ ಸಂಕಟವಾಗ್ತಿದೆ, ಗೆಲ್ಲೋದು ಪಾಂಡವರೇ ಅಂತ. ಸರಿ, ಇದನ್ನ ಹೇಳಬೇಕಾಗಿದ್ದು ಯಾರಿಗೆ? ದುರ್ಯೋಧನನ ಮುಂದೆ ಹೋದ್ರೆ ಮತ್ತೆ ಅದೇ ಪೌರುಷದ ಮಾತು. ಅಂಗರಾಜ್ಯದ ಋಣ ನಾಲಿಗೆಯನ್ನ ಕಟ್ಟಿಹಾಕಿತ್ತು. ಗೆಳೆಯನಿಗಾಗಿ ಪ್ರಾಣ ಕೊಟ್ಟ, ನಿಜ ಮಾತ್ರ ಕೊಡಲಿಲ್ಲ.

ಗೆಳೆಯ ದಾರಿ ತಪ್ಪಿದ್ರೆ ಬಿಟ್ಟುಬಿಡಬೇಕಾ ಅನ್ನೋ ಪ್ರಶ್ನೆಯನ್ನ ಅರಿಸ್ಟಾಟಲ್ 'ನಿಕೊಮೇಕಿಯನ್ ಎಥಿಕ್ಸ್'ನ ಒಂಬತ್ತನೇ ಭಾಗದಲ್ಲಿ ಎತ್ತಿಕೊಳ್ತಾನೆ. ತಿದ್ದೋಕೆ ಸಾಧ್ಯ ಇದ್ರೆ, ಅವನ ಆಸ್ತಿ ಉಳಿಸೋದಕ್ಕಿಂತ ಹೆಚ್ಚಾಗಿ ಅವನ ನಡತೆ ಉಳಿಸೋಕೆ ನೆರವಾಗಬೇಕು ಅನ್ನೋದು ಅವನ ವಾದ. ಇಂಜಿನಿಯರಿಂಗ್ ಓದಿದವನಿಗೆ ಇವೆಲ್ಲ ಯಾಕೆ ಅಂತೀರಾ? ಹೇಳ್ತೀನಿ.

ನನ್ನ ರೂಂಮೇಟ್ ಆಪ್ಷನ್ ಟ್ರೇಡಿಂಗ್‌ಗೆ ಬಿದ್ದಿದ್ದ. ಹೀಗೆ ಆಡೋ ಸಾಮಾನ್ಯ ಜನರಲ್ಲಿ ಶೇ. 93ರಷ್ಟು ಮಂದಿ ದುಡ್ಡು ಕಳ್ಕೊಂಡಿದ್ದಾರೆ ಅಂತ ಸೆಬಿ 2024ರಲ್ಲಿ ವರದಿ ಕೊಟ್ಟಿತ್ತು. ನಾನು ಓದಿದ್ದೆ. ಅವನು ನಲವತ್ತು ಸಾವಿರ ಕೇಳಿದಾಗ ಯಾಕೆ ಅಂತಲೂ ಕೇಳದೆ ಕಳಿಸಿದೆ. ಮುಂದಿನ ತಿಂಗಳು ಮತ್ತೆ ಮೂವತ್ತು. "ಫ್ರೆಂಡ್ ಅಂದ್ರೆ ಹೀಗಿರಬೇಕು" ಅಂತ ಉಳಿದವರೆಲ್ಲ ಹೊಗಳಿದ್ರು, ನಾನೂ ಉಬ್ಬಿದೆ. ಬುದ್ಧಿ ಹೇಳಿದ್ರೆ ಎಲ್ಲಿ ಮುನಿಸಿಕೊಳ್ತಾನೋ ಅನ್ನೋ ಹೆದರಿಕೆಗೆ ದೊಡ್ಡ ಮನಸ್ಸು ಅಂತ ನಾನೇ ಹೆಸರಿಟ್ಟುಕೊಂಡಿದ್ದೆ.

ಎಲ್ಲ ಮುಳುಗಿ, ಊರಲ್ಲಿ ಅವರಪ್ಪ ಸೈಟು ಮಾರಿ ಸಾಲ ತೀರಿಸಿದ ಮೇಲೆ ಒಂದು ರಾತ್ರಿ ಕೇಳಿದ, "ನಿಂಗೆ ಎಲ್ಲಾ ಗೊತ್ತಿತ್ತಲ್ವಾ, ಯಾಕೋ ಒಂದ್ಸಲನೂ ಬೈಲಿಲ್ಲ?"