ಕೋಠಿ ಕಟ್ಟೆ: ಅಪ್ಪನ ಸೈಕಲ್ಲೂ ರೈಲಿನ ಬಾಗಿಲೂ



ಊರಿಗೆ ಹೋಗಿ ಹಿಂದಿರುಗುವಾಗ ನಾವು ಹೈದರಾಬಾದಿನ ಕನ್ನಡಿಗರು ರೈಲಿನಲ್ಲಿ ಹೊತ್ತು ತರದೆ ಬಿಡುವ ವಸ್ತು ಯಾವುದು? ಜೋಳದ ಹಿಟ್ಟು ಬರುತ್ತದೆ. ಕಲಬುರಗಿಯ ತೊಗರಿಬೇಳೆ ಬರುತ್ತದೆ. ಶೇಂಗಾ ಹಿಂಡಿಯ ಡಬ್ಬಿ, ಚುರುಮುರಿಯ ಚೀಲ, ಉಪ್ಪಿನಕಾಯಿಯ ಭರಣಿ, ಅಜ್ಜಿಯ ಕಾಲದ ತಾಮ್ರದ ಹಂಡೆ, ಎಲ್ಲವೂ ಬರುತ್ತವೆ. ಕೋಠಿಯ ನಮ್ಮ ಗಲ್ಲಿಯಲ್ಲಿ ಆಟೋ ನಿಂತು, ಮನುಷ್ಯರಿಗಿಂತ ಮೊದಲು ಚೀಲಗಳು ಇಳಿದವೆಂದರೆ, ಯಾರೋ ವಾಡಿಯ ಕಡೆಯ ಗಾಡಿಯಿಂದ ಬಂದರೆಂದೇ ಲೆಕ್ಕ. ಇವೆಲ್ಲ ಇಲ್ಲಿ ಸಿಕ್ಕದ ಪದಾರ್ಥಗಳೇನೂ ಅಲ್ಲ. ಸುಲ್ತಾನ್ ಬಜಾರಿನಲ್ಲಿ ಒಂದು ಗಂಟೆ ತಿರುಗಿದರೆ ಎಲ್ಲವೂ ಸಿಕ್ಕಾವು. ಆದರೂ ತರುತ್ತೇವೆ. ೧೮೭೪ರಲ್ಲಿ ಸಿಕಂದರಾಬಾದಿನಿಂದ ವಾಡಿಗೆ ನಿಜಾಮರ ರೈಲು ಓಡತೊಡಗಿದಂದಿನಿಂದ ನಮ್ಮ ಹಿರಿಯರೂ ತಂದಿದ್ದಾರೆ.

ಈ ಸಲ ನಾನು ತಂದದ್ದು ಸೈಕಲ್ಲು. ಅದರ ಕಥೆಯನ್ನೂ, ಅದರ ದೆಸೆಯಿಂದ ನಾನು ತಡವಾಗಿ ಕಲಿತ ರೈಲ್ವೆ ನಿಯಮಗಳನ್ನೂ ಈ ಸಂಚಿಕೆಯಲ್ಲಿ ತಮ್ಮ ಮುಂದಿಡುತ್ತಿದ್ದೇನೆ. ಕಥೆಯಲ್ಲಿ ತಪ್ಪಿತಸ್ಥನು ನಾನೇ ಆದ್ದರಿಂದ ಬೇರೆ ಯಾರ ಹೆಸರನ್ನೂ, ಯಾವ ಸ್ಟೇಷನ್ನಿನ ಹೆಸರನ್ನೂ ಎತ್ತುವ ಕಾರಣವಿಲ್ಲ.

ನಮ್ಮ ತಂದೆಯವರು ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದರು. ಊರಿನಿಂದ ಶಾಲೆಗೆ ಒಂದು ಹರಿದಾರಿ ದೂರ. ಇಪ್ಪತ್ತೆಂಟು ವರ್ಷ ಒಂದೇ ಸೈಕಲ್ಲಿನ ಮೇಲೆ ಹೋಗಿ ಬಂದರು. ನಾನೂ ಅದರ ಮುಂದಿನ ದಂಡಿಗೆಯ ಮೇಲೆ, ಟವೆಲು ಮಡಿಸಿ ಹಾಕಿದ ಆಸನದಲ್ಲಿ ಕುಳಿತು, ನಾಲ್ಕನೆಯ ಇಯತ್ತೆಯವರೆಗೆ ಅವರ ಶಾಲೆಗೇ ಹೋದವನು. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ಹೋದ ಚಳಿಗಾಲದಲ್ಲಿ ತಾಯಿಯವರನ್ನು ಇಲ್ಲಿಗೇ ಕರೆತರುವುದೆಂದು ನಿಶ್ಚಯಿಸಿ, ಮನೆಯ ಸಾಮಾನನ್ನು ಬಂಧುಗಳಿಗೆ ಹಂಚಲು ಹೋದೆ. ಭಾಂಡೆಗಳನ್ನೂ ಮಂಚವನ್ನೂ ತಾಯಿ ಒಂದು ಮಾತಾಡದೆ ಕೊಟ್ಟುಬಿಟ್ಟರು. ಗುಜರಿಯವನು ಬಂದು ಕೊಟ್ಟಿಗೆಯ ಗೋಡೆಗೆ ಒರಗಿದ್ದ ಸೈಕಲ್ಲಿಗೆ ಮುನ್ನೂರು ರೂಪಾಯಿ ಎಂದಾಗ ಮಾತ್ರ, “ಅದೊಂದು ಇರ್ಲಿ” ಎಂದರು. ಅಷ್ಟೇ. ಇನ್ನು ತರದೆ ಇರುವುದು ಹೇಗೆ?

ನಾನೋ ಬಿ.ಎ. ಪಾಸಾದ ಗುಮಾಸ್ತ, ಲೆಕ್ಕ ಹಾಕದೆ ಹೆಜ್ಜೆ ಇಡುವವನಲ್ಲ. ಎರಡನೆಯ ದರ್ಜೆಯ ಒಂದು ಟಿಕೇಟಿಗೆ ೩೫ ಕಿಲೋ ಸಾಮಾನು ಉಚಿತವೆಂದು ಎಲ್ಲಿಯೋ ಓದಿದ್ದೆ. ನಮ್ಮವು ಎರಡು ಟಿಕೇಟು; ಅಂದರೆ ೭೦ ಕಿಲೋ. ಸೈಕಲ್ಲು ಬಹಳವೆಂದರೆ ೨೦ ಕಿಲೋ ತೂಗೀತು. ಚೀಲಗಳೆಲ್ಲ ಸೇರಿ ೩೦. ಇಷ್ಟು ಲೆಕ್ಕ ಹಾಕಿ, ಯಾರನ್ನೂ ಒಂದು ಮಾತು ಕೇಳದೆ, ಎರಡು ನಿಮಿಷ ಮಾತ್ರ ನಿಲ್ಲುವ ಗಾಡಿಯ ಜನರಲ್ ಡಬ್ಬಿಗೆ ಸೈಕಲ್ಲನ್ನು ಎತ್ತಿ ಹಾಕಿದೆ. ಒಳಗೆ ಜಾಗವಿರಲಿಲ್ಲ. ಬಾಗಿಲ ಹತ್ತಿರ ಅಡ್ಡಲಾಗಿ ನಿಲ್ಲಿಸಿ, ಹ್ಯಾಂಡಲನ್ನು ಹಿಡಿದು ನಿಂತೆ.

ಮುಂದಿನ ಒಂದು ಸ್ಟೇಷನ್ನಿನಲ್ಲಿ ಕೂಲಿಗೆ ಹೊರಟ ಜನ ನುಗ್ಗಿದರು. ಒಬ್ಬಾಕೆ ಬಗಲಲ್ಲಿ ಗಂಟು ಹಿಡಿದು, ನಾಲ್ಕೈದು ವರ್ಷದ ಹುಡುಗನ ಕೈ ಹಿಡಿದು ಮೆಟ್ಟಿಲು ಹತ್ತಿದಳು. ಗಂಟು ಸೈಕಲ್ಲಿನ ಪೆಡಲಿಗೆ ಸಿಕ್ಕಿತು. ಅದನ್ನು ಬಿಡಿಸಿಕೊಳ್ಳಲು ಹುಡುಗನ ಕೈ ಬಿಟ್ಟಳು. ಹಿಂದಿನಿಂದ ಜನ ತಳ್ಳಿದರು. ಆಕೆ ಒಳಗೆ ಬಂದಳು, ಹುಡುಗ ಪ್ಲಾಟ್‌ಫಾರಮ್ಮಿನಲ್ಲಿ ಉಳಿದ. ಗಾಡಿ ಹೊರಟಿತು. ಆಕೆ ಕೂಗಿಕೊಂಡು ಬಾಗಿಲಿಗೆ ಬರಬೇಕೆಂದರೆ ನಡುವೆ ನನ್ನ ಸೈಕಲ್ಲು. ನಾನು ಅದನ್ನು ಆಚೆ ಸರಿಸಲಾರೆ, ಈಚೆ ಸರಿಸಲಾರೆ. ಮೆಟ್ಟಿಲ ಮೇಲೆ ನೇತಾಡುತ್ತಿದ್ದ ತರುಣನೊಬ್ಬ ಬಗ್ಗಿ, ಓಡುತ್ತಿದ್ದ ಹುಡುಗನ ರಟ್ಟೆ ಹಿಡಿದು ಮೇಲಕ್ಕೆಳೆದುಕೊಂಡ. ಹುಡುಗನ ಮೊಣಕಾಲು ತರಚಿತ್ತು. ಬೇರೇನೂ ಆಗಲಿಲ್ಲ.

ಆಕೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮಗನ ಮೊಣಕಾಲನ್ನು ಸೆರಗಿನಿಂದ ಒರೆಸುತ್ತ ಕುಳಿತಳು. ನಮ್ಮ ತಾಯಿ ಚೀಲದಿಂದ ಒಂದು ಉಂಡೆ ತೆಗೆದು ಹುಡುಗನಿಗೆ ಕೊಟ್ಟು, ನನ್ನ ಕಡೆ ತಿರುಗಿ, “ನಿಮ್ಮಪ್ಪ ಇದ್ದಿದ್ರ ಈ ಸೈಕಲ್ ಆವಾಗ್ಲೇ ಕೆಳಗ ಒಗೀತಿದ್ದ ನೋಡು” ಎಂದರು.

ಇಳಿದ ಮೇಲೆ ದ್ವಾರದಲ್ಲಿ ಟಿಕೇಟು ನೋಡುವವರು, “ಸೈಕಲ್ಲಿನ ಲಗೇಜು ಚೀಟಿ ಎಲ್ಲಿ?” ಎಂದು ಕೇಳಿದರು. ನನ್ನ ೭೦ ಕಿಲೋ ಲೆಕ್ಕ ನಾಲಿಗೆಯ ತುದಿಯಲ್ಲಿಯೇ ಇತ್ತು. ತಾಯಿಯ ಮುಖ ನೋಡಿ ಅದನ್ನು ನುಂಗಿಕೊಂಡೆ. ದಂಡ ಕೊಟ್ಟು ರಶೀದಿ ಪಡೆದು ಮನೆಗೆ ಬಂದೆ.

ಅನಂತರ ಬಿಡುವಿನ ದಿನ ಹೋಗಿ ಕೇಳಿ, ಓದಿ ತಿಳಿದುಕೊಂಡ ಸಂಗತಿಗಳನ್ನು ವಾಚಕರ ಉಪಯೋಗಕ್ಕಾಗಿ ಬರೆಯುತ್ತೇನೆ.

ಉಚಿತ ಸಾಮಾನಿನ ಮಿತಿ ದರ್ಜೆಗೆ ತಕ್ಕಂತೆ ಇದೆ: ಹವಾನಿಯಂತ್ರಿತ ಮೊದಲ ದರ್ಜೆಗೆ ೭೦ ಕಿಲೋ, ಎರಡು ಹಂತದ ಹವಾನಿಯಂತ್ರಿತಕ್ಕೆ ೫೦, ಮೂರು ಹಂತದ್ದಕ್ಕೂ ಸ್ಲೀಪರಿಗೂ ೪೦, ಎರಡನೆಯ ದರ್ಜೆಗೆ ೩೫. ಐದರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಅರ್ಧ. ಇಷ್ಟನ್ನು ನಾನೂ ಬಲ್ಲೆ. ನಾನು ಅರಿಯದೆ ಹೋದದ್ದು ಎರಡು ಮಾತು. ಒಂದು, ಡಬ್ಬಿಯೊಳಗೆ ತರುವ ಪೆಟ್ಟಿಗೆಗೆ ತೂಕದ ಜೊತೆ ಅಳತೆಯ ಮಿತಿಯೂ ಉಂಟು: ಸಾಮಾನ್ಯವಾಗಿ ಉದ್ದ ೧೦೦ ಸೆಂಟಿಮೀಟರು, ಅಗಲ ೬೦, ಎತ್ತರ ೨೫. ದೊಡ್ಡವರ ಸೈಕಲ್ಲು ಅದರ ಹೆಚ್ಚುಕಡಿಮೆ ಇಮ್ಮಡಿ ಉದ್ದ. ತೂಕದಲ್ಲಿ ಪಾಸಾದರೂ ಉದ್ದದಲ್ಲಿ ಫೇಲು. ಎರಡು, ಸೈಕಲ್ಲು, ಸ್ಕೂಟರುಗಳಿಗೆ ಈ ಉಚಿತ ಮಿತಿ ಅನ್ವಯಿಸುವುದೇ ಇಲ್ಲ. ಹತ್ತು ಟಿಕೇಟು ಇದ್ದರೂ ಸೈಕಲ್ಲಿಗೆ ಬೇರೆ ಹಣ ಕೊಟ್ಟು, ಅದನ್ನು ಬ್ರೇಕ್ ವ್ಯಾನಿಗೆ ಒಪ್ಪಿಸಬೇಕು. ಹಾಗೆ ಮಾಡದೆ ಸಿಕ್ಕಿಬಿದ್ದರೆ ಲಗೇಜು ದರದ ಆರರಷ್ಟು ತೆರಬೇಕಾದೀತು.

ಒಪ್ಪಿಸುವ ಕ್ರಮ ಕಷ್ಟದ್ದಲ್ಲ. ಗಾಡಿ ಹೊರಡುವುದಕ್ಕೆ ಅರ್ಧ ಗಂಟೆಯಾದರೂ ಮೊದಲು ಟಿಕೇಟಿನೊಡನೆ ಲಗೇಜು ಕಚೇರಿಗೆ ಹೋಗಬೇಕು. ನನ್ನ ಅನುಭವದಲ್ಲಿ ಒಂದು ಗಂಟೆ ಮೊದಲೇ ಹೋಗುವುದು ಕ್ಷೇಮ. ಹೆಸರು, ವಿಳಾಸ, ಹತ್ತುವ ಮತ್ತು ಇಳಿಯುವ ಸ್ಟೇಷನ್ನು ಬರೆದ ಚೀಟಿಯನ್ನು ಸೈಕಲ್ಲಿಗೆ ಗಟ್ಟಿಯಾಗಿ ಕಟ್ಟಬೇಕು. ಹಳೆಯ ಚೀಟಿಗಳಿದ್ದರೆ ಕಿತ್ತುಹಾಕಬೇಕು. ಮೋಟಾರು ಸೈಕಲ್ಲಾದರೆ ಟ್ಯಾಂಕಿನಲ್ಲಿ ಪೆಟ್ರೋಲು ಇರಕೂಡದು. ನೋಂದಣಿ ಪತ್ರದ ನಕಲೂ ಬೇಕು. ಲಗೇಜೆಂದು ಕೊಟ್ಟರೆ ಅದು ಪ್ರಯಾಣಿಕನ ಜೊತೆ ಅದೇ ಗಾಡಿಯಲ್ಲಿ ಬರುವ ಸಾಮಾನು. ಪಾರ್ಸೆಲೆಂದು ಕೊಟ್ಟರೆ ನಾವು ಹೋಗದಿದ್ದರೂ ಅದು ಹೋಗುತ್ತದೆ, ಆದರೆ ಬೇರೆ ಗಾಡಿಯಲ್ಲಿ ಹೋದೀತು. ಮೌಲ್ಯವನ್ನು ಬರೆಸಿ ಅದಕ್ಕೆಂದು ಹೆಚ್ಚಿನ ಹಣ ಕಟ್ಟದಿದ್ದರೆ, ಲಗೇಜು ಕಳೆದುಹೋದಾಗ ರೈಲ್ವೆಯ ಹೊಣೆ ಕಿಲೋ ಒಂದಕ್ಕೆ ನೂರು ರೂಪಾಯಿಗೆ ಮುಗಿಯುತ್ತದೆ. ಊರು ತಲುಪಿದ ಮೇಲೆ ಗಡುವಿನೊಳಗೆ ಬಿಡಿಸಿಕೊಳ್ಳದಿದ್ದರೆ ವಾರ್ಫೇಜ್ ಎಂಬ ಬಾಡಿಗೆ ಏರತೊಡಗುತ್ತದೆ. ಇನ್ನು, ಎರಡು ನಿಮಿಷ ಗಾಡಿ ನಿಲ್ಲುವ ಚಿಕ್ಕ ಸ್ಟೇಷನ್ನುಗಳಲ್ಲಿ ಬ್ರೇಕ್ ವ್ಯಾನಿಗೆ ಹಾಕುವ ಅನುಕೂಲ ಇರಲಿಕ್ಕಿಲ್ಲ. ಅಂಥವರು ವಾಡಿ, ಕಲಬುರಗಿಯಂಥ ದೊಡ್ಡ ಸ್ಟೇಷನ್ನಿಗೆ ಹೋಗಿ ಹತ್ತುವುದೇ ಮೇಲು. ಹೇಗೂ ಮೊದಲು ಕೇಳಿಕೊಳ್ಳಿರಿ.

ಸೈಕಲ್ಲು ಹಣ ಕೊಟ್ಟರೆ ಬರುತ್ತದೆ. ಹಣ ಕೊಟ್ಟರೂ ಬರಬಾರದ ವಸ್ತುಗಳುಂಟು. ಪಟಾಕಿ, ಸೀಮೆಎಣ್ಣೆ, ಪೆಟ್ರೋಲು, ಆಸಿಡ್ಡು. ಗ್ಯಾಸಿನ ಸಿಲಿಂಡರು ಖಾಲಿಯಾಗಿದ್ದರೂ ಲಗೇಜಾಗಿ ಒಯ್ಯುವಂತಿಲ್ಲ. ಸಂಸಾರ ಸಾಗಿಸುವವರು ಈ ಮಾತನ್ನು ನೆನಪಿನಲ್ಲಿಡಬೇಕು. ರೋಗಿಯ ಆಮ್ಲಜನಕದ ಸಿಲಿಂಡರಿಗೆ ಮಾತ್ರ ವೈದ್ಯರ ಪತ್ರವಿದ್ದರೆ ವಿನಾಯಿತಿ. ಅಪಾಯಕರ ವಸ್ತುಗಳನ್ನು ಗಾಡಿಗೆ ತಂದವರಿಗೆ ೧೯೮೯ರ ರೈಲ್ವೆ ಕಾಯಿದೆಯಲ್ಲಿ ಸೆರೆವಾಸದ ಶಿಕ್ಷೆಯನ್ನೇ ಹೇಳಿದೆ.

ನಮ್ಮ ಕೋಠಿಯ ತಲೆಯ ಮೇಲೆಯೇ ಓಡುವ ಮೆಟ್ರೋ ಗಾಡಿಯ ಮಾತೂ ಒಂದಿಷ್ಟು ಇರಲಿ. ೨೦೧೮ರ ಸೆಪ್ಟೆಂಬರಿನಲ್ಲಿ ಅಮೀರ್‌ಪೇಟೆಯಿಂದ ಎಲ್.ಬಿ. ನಗರದವರೆಗಿನ ಮಾರ್ಗ ತೆರೆದಂದಿನಿಂದ, ಉಸ್ಮಾನಿಯಾ ಮೆಡಿಕಲ್ ಕಾಲೇಜು ಸ್ಟೇಷನ್ನಿನಲ್ಲಿ ಹತ್ತಿ ಖೈರತಾಬಾದಿನಲ್ಲಿ ಇಳಿದು, ಅಲ್ಲಿಂದ ಒಂದು ಮೈಲಿ ನಡೆದು ಕಚೇರಿ ಸೇರುವುದು ನನ್ನ ಅಭ್ಯಾಸ. ಆ ಒಂದು ಮೈಲಿಗೆ ಸೈಕಲ್ಲಿದ್ದರೆ ಎಷ್ಟು ಚೆನ್ನ! ಆದರೆ ೨೦೦೨ರ ಮೆಟ್ರೋ ಕಾಯಿದೆ ಪ್ರಯಾಣಿಕನಿಗೆ ಒಪ್ಪಿಗೆ ಕೊಡುವುದು ಸ್ವಂತದ ಚಿಕ್ಕ ಗಂಟಿಗೆ ಮಾತ್ರ. ಬೇರೆ ಊರುಗಳಲ್ಲಿ ಈ ಬಿಗಿ ಸ್ವಲ್ಪ ಸಡಿಲವಾಗಿದೆ. ಕೊಚ್ಚಿಯ ಮೆಟ್ರೋದವರು ೨೦೨೦ರಲ್ಲಿ ಸೈಕಲ್ಲುಗಳಿಗೆ ಬಾಗಿಲು ತೆರೆದರು. ಬೆಂಗಳೂರಿನ ನಮ್ಮ ಮೆಟ್ರೋದವರು ೨೦೨೧ರಲ್ಲಿ ಮಡಿಚುವ ಸೈಕಲ್ಲುಗಳಿಗೆ ಅನುಮತಿ ಕೊಟ್ಟರು. ೧೫ ಕಿಲೋ ಮೀರಕೂಡದು, ಕೊನೆಯ ಡಬ್ಬಿಯಲ್ಲೇ ಹತ್ತಬೇಕು ಎಂದು ಕಟ್ಟಳೆ. ಮುಂಬಯಿಯ ಡಬ್ಬಾವಾಲರ ಸೈಕಲ್ಲುಗಳು ಸ್ಟೇಷನ್ನಿನ ಹೊರಗೇ ಉಳಿಯುತ್ತವೆ. ಊಟದ ಡಬ್ಬಿಗಳು ಲೋಕಲ್ ಗಾಡಿಯ ಲಗೇಜು ಡಬ್ಬಿಯಲ್ಲಿ ಹೋಗುತ್ತವೆ. ಸೈಕಲ್ಲಿನ ದೇಶವೆಂದು ಹೆಸರಾದ ಹಾಲೆಂಡಿನಲ್ಲಿ ಕೂಡ ಕೆಲಸದ ದಿನ ಬೆಳಿಗ್ಗೆ ಆರೂವರೆಯಿಂದ ಒಂಬತ್ತು, ಸಂಜೆ ನಾಲ್ಕರಿಂದ ಆರೂವರೆ ಇಡೀ ಸೈಕಲ್ಲನ್ನು ರೈಲಿಗೆ ಹತ್ತಿಸುವಂತಿಲ್ಲ, ಮಡಿಚಿದ್ದಾದರೆ ಅಡ್ಡಿಯಿಲ್ಲ. ಜಪಾನಿನಲ್ಲಿ ಸೈಕಲ್ಲನ್ನು ಬಿಚ್ಚಿಯೋ ಮಡಿಚಿಯೋ ಚೀಲದೊಳಗೆ ಹಾಕಿದರೆ ಮಾತ್ರ ಪ್ರವೇಶ.

ಇಷ್ಟನ್ನೂ ಓದಿದ ಮೇಲೆ ನನಗೆ ಹೊಳೆದದ್ದು ಇದು. ದೇಶ ಯಾವುದೇ ಇರಲಿ, ಸೈಕಲ್ಲಿನ ಈ ನಿಯಮಗಳಲ್ಲಿ ತೂಕಕ್ಕಿಂತ ದಾರಿಯ ಚಿಂತೆಯೇ ಹೆಚ್ಚು. ಹತ್ತುವವರಿಗೆ, ಇಳಿಯುವವರಿಗೆ ಬಾಗಿಲು ತೆರವಾಗಿರಬೇಕು. ನಾನು ಕಿಲೋಗಳನ್ನು ಕೂಡಿಸುತ್ತ ಕುಳಿತೆ. ಆ ಹುಡುಗ ನನ್ನ ಲೆಕ್ಕದಲ್ಲಿ ಎಲ್ಲಿಯೂ ಇರಲಿಲ್ಲ.

ನಾನು ಹತ್ತಿದ ಕಡೆ ಈ ನಿಯಮವನ್ನು ತಿಳಿಸುವ ಹಲಗೆ ನನ್ನ ಕಣ್ಣಿಗೆ ಬೀಳಲಿಲ್ಲವೆಂಬುದೇನೋ ನಿಜ. ಒಂದು ವಾರ ಇದನ್ನೇ ಗೊಣಗುತ್ತಿದ್ದೆ. “ಮೊದಲೇ ಹೇಳಬೇಡವೆ? ದಂಡ ಹಾಕುವಾಗ ಮಾತ್ರ ನಿಯಮವೆ?” ಎಂದು ಮನೆಯಾಕೆಯ ಮುಂದೆ ಭಾಷಣ ಮಾಡಿದೆ. ಆಕೆ ರೊಟ್ಟಿ ಬಡಿಯುತ್ತಲೇ, “ನಿಮ್ಮ ಕಿಟಕಿಯಲ್ಲಿ ಎಲ್ಲಾ ಮೊದಲೇ ಹೇಳ್ತೀರೇನು?” ಎಂದಳು.

ಹೇಳುವುದಿಲ್ಲ. ಕಚೇರಿಯಲ್ಲಿ ನನ್ನ ಕಿಟಕಿಗೆ ಬರುವವರು ಒಂದು ಅರ್ಜಿಯ ಜೊತೆ ನಾಲ್ಕು ಕಾಗದ ತರಬೇಕು. ಯಾವ ನಾಲ್ಕು ಎಂಬುದು ನನಗೆ ಗೊತ್ತು, ಬರುವವರಿಗೆ ಗೊತ್ತಿಲ್ಲ. ಹೋದ ತಿಂಗಳು ಒಬ್ಬ ಮುದುಕರು ಮೂರು ಸಲ ಬಂದರು. ಮೂರು ಸಲವೂ ಒಂದೊಂದು ಕಾಗದ ಕಡಿಮೆಯೆಂದು ನಾನೇ ಹಿಂದಕ್ಕೆ ಕಳಿಸಿದೆ. ನಿಯಮದ ಪ್ರಕಾರ ನನ್ನದು ಸರಿ. ಅವರು ಎಲ್ಲಿಂದ, ಯಾವ ಗಾಡಿ ಹಿಡಿದು ಬಂದಿದ್ದರೆಂದು ಕೇಳಲಿಲ್ಲ.

ಮರುದಿನ ಕೋಠಿಯ ಒಂದು ಅಂಗಡಿಯಿಂದ ದಪ್ಪ ರಟ್ಟು ಕೊಂಡುತಂದು, ಬೇಕಾದ ನಾಲ್ಕು ಕಾಗದಗಳ ಹೆಸರನ್ನು ತೆಲುಗಿನಲ್ಲಿಯೂ ಉರ್ದುವಿನಲ್ಲಿಯೂ ಬರೆಯಿಸಿ, ಕಿಟಕಿಯ ಹೊರಗೆ ಎದೆಯೆತ್ತರದಲ್ಲಿ ತೂಗುಹಾಕಿದೆ. ಸಾಹೇಬರು ನೋಡಿ ಏನೂ ಅನ್ನಲಿಲ್ಲ. ಸಾಲಿನಲ್ಲಿ ನಿಂತವರು ಓದುತ್ತಾರೆ. ಕೆಲವರು ಓದಿ ಹಾಗೆಯೇ ಹಿಂದಿರುಗಿ, ಕಾಗದ ತೆಗೆದುಕೊಂಡು ಬರುತ್ತಾರೆ. ಜಗಳ ಕಡಿಮೆಯಾಗಿದೆ.

ಸೈಕಲ್ಲು ಈಗ ನಮ್ಮ ಗಲ್ಲಿಯಲ್ಲಿದೆ. ಹೊಸ ಟಯರು, ಹೊಸ ಚೈನು ಹಾಕಿಸಿದ್ದೇನೆ. ಭಾನುವಾರ ಬೆಳಿಗ್ಗೆ, ಅಂಗಡಿಗಳು ತೆರೆಯುವ ಮುಂಚೆ, ಎಂಟು ವರ್ಷದ ಮಗಳು ಸೀಟು ಎಟುಕದೆ ದಂಡಿಗೆಯ ಕೆಳಗೆ ಕಾಲು ತೂರಿಸಿ ಒಳಪೆಡಲು ತುಳಿಯುತ್ತಾಳೆ. ತಾಯಿ ಮೆಟ್ಟಿಲ ಮೇಲೆ ಕುಳಿತು ನೋಡುತ್ತಾರೆ. ಯಾರಾದರೂ ಗಲ್ಲಿಯಲ್ಲಿ ನಡೆದು ಬಂದರೆ, “ಬಾಜೂಕ್ಕ ಸರಿ, ಹಾದಿ ಬಿಡು” ಎಂದು ಕೂಗುತ್ತಾರೆ.

ಯುಗಾದಿಗೆ ಊರಿಗೆ ಹೊರಡುವ ಬಂಧುಗಳು ಗಂಟು ಕಟ್ಟುವ ಮೊದಲು ಮೇಲಿನ ನಿಯಮಗಳ ಮೇಲೆ ಒಮ್ಮೆ ಕಣ್ಣು ಹಾಯಿಸಿರಿ. ದರಗಳು ಬದಲಾಗುತ್ತಿರುತ್ತವೆ, ಅವನ್ನು ಸ್ಟೇಷನ್ನಿನಲ್ಲಿಯೇ ವಿಚಾರಿಸಿರಿ. ತಮ್ಮಲ್ಲಿ ಯಾರಾದರೂ ಬ್ರೇಕ್ ವ್ಯಾನಿನಲ್ಲಿ ಸೈಕಲ್ಲು ತಂದವರಿದ್ದರೆ, ಅದು ಯಾವ ಸ್ಥಿತಿಯಲ್ಲಿ ಕೈಸೇರಿತೆಂದು ನನಗೆ ಬರೆದು ತಿಳಿಸಿದರೆ ಮುಂದಿನ ಸಂಚಿಕೆಯಲ್ಲಿ ಸೇರಿಸುತ್ತೇನೆ.