ಸ್ಥಿರತೆಯಲ್ಲ, ಪಾಲು

ಅನುರಣನ ರಚನೆಗಳನ್ನು 'ಸ್ಥಿರತೆ'ಯ ಕ್ರಮದಲ್ಲಿ ಜೋಡಿಸಿರೆಂದು ವಿದ್ಯಾರ್ಥಿಗಳಿಗೆ ಹೇಳುವುದು ರೂಢಿ. ಆ ಪದವೇ ದಾರಿ ತಪ್ಪಿಸುತ್ತದೆ ಎಂಬುದು ನಮ್ಮ ಅಭಿಮತ. ಅಂಥ ಯಾವ ರಚನೆಯೂ ಪ್ರತ್ಯೇಕವಾಗಿ ಇರುವುದಿಲ್ಲ. ಅಣು ಒಂದರಿಂದ ಇನ್ನೊಂದಕ್ಕೆ ಓಲಾಡುವುದೂ ಇಲ್ಲ. ಇರುವುದು ಒಂದೇ ಅಣು, ರಚನೆಗಳು ಅದರ ಅಪೂರ್ಣ ವರ್ಣನೆಗಳು. ನಾವು ತೂಗುವುದು ಪ್ರತಿಯೊಂದರ ಪಾಲನ್ನು.

ಕಾರ್ಬನ್ ಮೊನಾಕ್ಸೈಡನ್ನೇ ನೋಡೋಣ. ದ್ವಿಬಂಧದ ರಚನೆಯಲ್ಲಿ ವಿದ್ಯುದಾವೇಶವಿಲ್ಲ, ಆದರೆ ಕಾರ್ಬನ್ನಿಗೆ ಆರೇ ಇಲೆಕ್ಟ್ರಾನುಗಳು. ತ್ರಿಬಂಧದ ರಚನೆಯಲ್ಲಿ ಋಣಾವೇಶ ಕಾರ್ಬನ್ನಿನ ಮೇಲೆ, ಧನಾವೇಶ ಆಕ್ಸಿಜನ್ನಿನ ಮೇಲೆ. ಆದರೂ ಎರಡಕ್ಕೂ ಅಷ್ಟಕ ಪೂರ್ಣ. ಹೆಚ್ಚಿನ ಪಾಲು ಇದರದೇ. ಹಿಮೋಗ್ಲೋಬಿನ್ನಿನ ಕಬ್ಬಿಣಕ್ಕೆ ಈ ಅಣು ಕಾರ್ಬನ್ನಿನ ತುದಿಯಿಂದಲೇ ಅಂಟುತ್ತದೆ.

ಅಷ್ಟಕ ಮೊದಲು, ಆವೇಶದ ವಿಚಾರ ಅನಂತರ: ಈ ಕ್ರಮವನ್ನು ಕಂಠಪಾಠವಾಗಿ ಅಲ್ಲ, ಕಾರಣಸಹಿತ ಕಲಿಸಬೇಕು. 'ಪ್ರಧಾನ', 'ಗೌಣ' ಎಂಬ ಪದಗಳು ನಮ್ಮಲ್ಲಿಯೇ ಇವೆ. 'ಸ್ಥಿರ'ವನ್ನು ಬಿಟ್ಟು ಅವನ್ನೇ ಬಳಸೋಣ.