ಚಿಲಕವಿಲ್ಲದ ಬಾಗಿಲು ತೋರಿಸಿದವನು ಕಳ್ಳನೇ?

ಹ್ಯಾಕರ್ ಎಂಬ ಪದ ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವುದು ಕನ್ನ ಹಾಕುವ ಕಳ್ಳನ ಚಿತ್ರ. ಅದು ಪೂರ್ತಿ ಸುಳ್ಳೇನಲ್ಲ. 2019ರಲ್ಲಿ ಕರ್ನಾಟಕ ಸರಕಾರದ ಇ-ಪ್ರೊಕ್ಯೂರ್‌ಮೆಂಟ್ ಜಾಲತಾಣಕ್ಕೆ ನುಗ್ಗಿ ಗುತ್ತಿಗೆದಾರರ ಠೇವಣಿ ಹಣದಿಂದ 11.5 ಕೋಟಿ ರೂಪಾಯಿ ಲಪಟಾಯಿಸಲಾಯಿತು. ಇಂಥವರಿಗೆ ಶಿಕ್ಷೆಯಾಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆ ದೋಚಿದವನನ್ನೂ, "ನಿಮ್ಮ ಹಿತ್ತಿಲ ಬಾಗಿಲಿಗೆ ಚಿಲಕವಿಲ್ಲ" ಎಂದು ಎಚ್ಚರಿಸಿದವನನ್ನೂ ಒಂದೇ ಹಗ್ಗದಲ್ಲಿ ಕಟ್ಟುವುದು ಯಾವ ನ್ಯಾಯ?

2018ರ ಜನವರಿಯಲ್ಲಿ ನಡೆದುದನ್ನು ನೆನಪಿಸಿಕೊಳ್ಳೋಣ. ಚಂಡೀಗಢದ 'ದ ಟ್ರಿಬ್ಯೂನ್' ಪತ್ರಿಕೆ ಒಂದು ವರದಿ ಪ್ರಕಟಿಸಿತು. ದಲ್ಲಾಳಿಯೊಬ್ಬನಿಗೆ 500 ರೂಪಾಯಿ ಕೊಟ್ಟ ಹತ್ತೇ ನಿಮಿಷಗಳಲ್ಲಿ ಪತ್ರಿಕೆಯ ವರದಿಗಾರ್ತಿಗೆ ಒಂದು ಲಾಗಿನ್ ದೊರೆಯಿತು. ಯಾರದೇ ಆಧಾರ್ ಸಂಖ್ಯೆ ಹಾಕಿದರೂ ಹೆಸರು, ವಿಳಾಸ, ಫೋಟೋ, ಫೋನ್ ಸಂಖ್ಯೆ ಕಣ್ಣ ಮುಂದೆ ಬರುತ್ತಿತ್ತು ಎಂಬುದು ಆ ವರದಿಯ ಸಾರ. ಆಗ ವಿಶಿಷ್ಟ ಗುರುತು ಪ್ರಾಧಿಕಾರ ಮಾಡಿದ್ದೇನು? ಬೆರಳಚ್ಚು, ಕಣ್ಣಿನ ಗುರುತುಗಳು ಭದ್ರವಾಗಿವೆ ಎಂದು ಹೇಳಿ, ವರದಿಗಾರ್ತಿಯ ಹೆಸರು ಸೇರಿಸಿಯೇ ಪೊಲೀಸರಿಗೆ ದೂರು ಕೊಟ್ಟಿತು. ದೇಶದ ಪತ್ರಕರ್ತರೆಲ್ಲ ಪ್ರತಿಭಟಿಸಿದ ಬಳಿಕವಷ್ಟೇ, ಪತ್ರಿಕಾ ಸ್ವಾತಂತ್ರ್ಯಕ್ಕೆ ತಾವು ಬದ್ಧ ಎಂಬ ಮಾತು ಸರಕಾರದಿಂದ ಬಂತು.

ಅದೇ ತಿಂಗಳ 10ರಂದು ಪ್ರಾಧಿಕಾರ, ಆಧಾರ್ ಸಂಖ್ಯೆಯ ಬದಲಿಗೆ ನೀಡಬಹುದಾದ 16 ಅಂಕಿಗಳ ವರ್ಚುವಲ್ ಐಡಿಯನ್ನು ಘೋಷಿಸಿತು. 2022ರಲ್ಲಿ ತನ್ನ ವ್ಯವಸ್ಥೆಯ ದೋಷ ಹುಡುಕಲು 20 ಮಂದಿ ಹ್ಯಾಕರ್‌ಗಳನ್ನು ಆರಿಸುವ ಯೋಜನೆಯನ್ನೂ ಪ್ರಕಟಿಸಿತು. ಒಳ್ಳೆಯದೇ. ಆದರೆ 2022ರಲ್ಲಿ ಕರೆದು ಮಾಡಿಸಬೇಕೆನಿಸಿದ ಕೆಲಸ 2018ರಲ್ಲಿ ಅಪರಾಧವಾದದ್ದು ಹೇಗೆ? ಪ್ರಾಧಿಕಾರದ ಆಹ್ವಾನವಿದ್ದರೆ ಸೇವೆ, ಇಲ್ಲದಿದ್ದರೆ ಅಪರಾಧ ಎಂದಾದರೆ ನೈತಿಕತೆಯನ್ನು ನಿರ್ಧರಿಸುವವರು ಯಾರು?

ಕಾನೂನಿನ ಮಾತಿಗೆ ಬರೋಣ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಮು ಮೂರು ವರ್ಷಗಳ ವರೆಗಿನ ಜೈಲು ಅಥವಾ ಐದು ಲಕ್ಷ ರೂಪಾಯಿ ವರೆಗಿನ ದಂಡ ಅಥವಾ ಎರಡನ್ನೂ ವಿಧಿಸಿರುವುದು ಅಪ್ರಾಮಾಣಿಕವಾಗಿ ಅಥವಾ ವಂಚನೆಯ ಉದ್ದೇಶದಿಂದ ಮಾಡಿದ ಕೃತ್ಯಕ್ಕೆ. ಅಂದರೆ ಉದ್ದೇಶವನ್ನು ಕೇಳು ಎಂದು ಕಾನೂನೇ ಹೇಳುತ್ತದೆ. ಆದರೆ ಆ ಪ್ರಶ್ನೆ ನ್ಯಾಯಾಲಯದಲ್ಲಿ ಏಳುವ ಹೊತ್ತಿಗೆ ಎಫ್‌ಐಆರ್ ಆಗಿ, ಲ್ಯಾಪ್‌ಟಾಪ್ ಜಪ್ತಿಯಾಗಿ, ಮನುಷ್ಯ ಹಣ್ಣಾಗಿರುತ್ತಾನೆ. ಇನ್ನೊಂದೆಡೆ, 2016ರ ಆಧಾರ್ ಕಾಯ್ದೆಯಡಿ ಪ್ರಾಧಿಕಾರದ ದೂರಿಲ್ಲದೆ ನ್ಯಾಯಾಲಯ ಯಾವ ಅಪರಾಧವನ್ನೂ ವಿಚಾರಣೆಗೆ ತೆಗೆದುಕೊಳ್ಳುವಂತಿರಲಿಲ್ಲ. ಮಾಹಿತಿ ಕಳಕೊಂಡವನಿಗೇ ದೂರುವ ಹಕ್ಕಿರಲಿಲ್ಲ! 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿ ತೋರಿಸಿತು. 2019ರ ತಿದ್ದುಪಡಿ ಕೆಲವು ಅಪರಾಧಗಳಿಗೆ ಸಂಬಂಧಿಸಿ ಆ ಹಕ್ಕನ್ನು ನೀಡಿತು.

ದೋಷ ಕಂಡವನಿಗೂ ಹೊಣೆಯಿಲ್ಲವೆಂದು ನಾವು ಹೇಳುತ್ತಿಲ್ಲ. 2008ರಲ್ಲಿ ಅಮೆರಿಕದ ಡ್ಯಾನ್ ಕಾಮಿನ್ಸ್ಕಿ, ಜಾಲತಾಣಗಳ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ವ್ಯವಸ್ಥೆಯಲ್ಲೇ ಗಂಭೀರ ದೋಷವನ್ನು ಕಂಡರು. ಬಳಕೆದಾರರನ್ನು ನಕಲಿ ತಾಣಗಳಿಗೆ ತಿರುಗಿಸಬಲ್ಲ ದೋಷವದು. ಅವರು ಅದನ್ನು ಮಾರಲಿಲ್ಲ, ಡಂಗುರವನ್ನೂ ಸಾರಲಿಲ್ಲ. ಕಂಪೆನಿಗಳನ್ನು ಗುಟ್ಟಾಗಿ ಒಟ್ಟುಗೂಡಿಸಿ, ಜುಲೈ 8ರಂದು ಎಲ್ಲರೂ ಏಕಕಾಲಕ್ಕೆ ಪರಿಹಾರ ಬಿಡುಗಡೆ ಮಾಡುವಂತೆ ನೋಡಿಕೊಂಡರು. ಈ ವಿದ್ಯೆಗೂ ಧರ್ಮವಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಇನ್ನು ಭದ್ರತೆಯ ಹೆಸರಲ್ಲಿ ನಡೆಯುವ ಅನೀತಿಯನ್ನು ನೋಡಿ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ದಾಳಿ ಜಗತ್ತಿನ ಲಕ್ಷಾಂತರ ಕಂಪ್ಯೂಟರ್‌ಗಳನ್ನು ಒತ್ತೆ ಇರಿಸಿಕೊಂಡಿತು. ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ತಪಾಸಣೆ, ಶಸ್ತ್ರಚಿಕಿತ್ಸೆಗಳು ರದ್ದಾದವು. ಆ ದಾಳಿಗೆ ಬಳಕೆಯಾದ ಅಸ್ತ್ರ ಅಮೆರಿಕದ ಎನ್‌ಎಸ್‌ಎ ಸಂಸ್ಥೆಯಿಂದ ಕಳವಾದದ್ದೆಂದು ಮೈಕ್ರೋಸಾಫ್ಟ್‌ನ ಬ್ರಾಡ್ ಸ್ಮಿತ್ ಬಹಿರಂಗವಾಗಿಯೇ ಹೇಳಿದರು. ದೋಷ ತಿಳಿದೂ ಅದನ್ನು ಅಸ್ತ್ರವಾಗಿ ಬಚ್ಚಿಟ್ಟವರ ಕೈಗೆ ಯಾರು ಕೋಳ ತೊಡಿಸಿದರು?

ಆದ್ದರಿಂದ ನೈತಿಕತೆಯ ಪಾಠವನ್ನು ಕಾಲೇಜು ಹುಡುಗರಿಗೆ ಮಾತ್ರ ಹೇಳಿದರೆ ಸಾಲದು. ನಮ್ಮ ಮಾಹಿತಿ ಸರಕಾರದ್ದೂ ಅಲ್ಲ, ಕಂಪೆನಿಯದ್ದೂ ಅಲ್ಲ. ಅದು ನಾವು ನಂಬಿ ಇಟ್ಟ ಇಡುಗಂಟು. ಅದನ್ನು ಕಾಯಲಾಗದಿದ್ದರೆ ಮೊದಲ ಆರೋಪಿ ಕಾವಲುಗಾರನೇ. ಹಾನಿ ಮಾಡದೆ, ಲಾಭ ಪಡೆಯದೆ, ಸದುದ್ದೇಶದಿಂದ ದೋಷ ತಿಳಿಸಿದವರಿಗೆ ಕಾನೂನು ಸ್ಪಷ್ಟ ರಕ್ಷಣೆ ನೀಡಲಿ. ಸೋರಿಕೆಯಾದಾಗ ಸಂತ್ರಸ್ತರಿಗೆ ಕೂಡಲೇ ತಿಳಿಸುವ ಪ್ರಾಮಾಣಿಕತೆಯನ್ನು ಸಂಸ್ಥೆಗಳು ತೋರಲಿ. ಎಚ್ಚರಿಸಿದವನ ಬಾಯಿ ಮುಚ್ಚಿಸಿದರೆ ಬಾಗಿಲು ಮುಚ್ಚಿದಂತಾಗುವುದಿಲ್ಲ. ಮುಂದಿನ ಸಲ ಆ ಬಾಗಿಲಿನಿಂದ ಬರುವವನು ಹೇಳಿ ಬರುವುದಿಲ್ಲ.